ಅಕ್ಷರವಳಿದ ಸೂಜಿ

ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ಹೊಕ್ಕ ವಿದ್ಯಾರ್ಥಿಯ ಕೈಗೆ ಮೊದಲು ಬರುವ ಉಪಕರಣಗಳಲ್ಲಿ ಸ್ಕ್ರೂಗೇಜು ಒಂದು. ತಂತಿಯ ದಪ್ಪವನ್ನಳೆದು, ಶೂನ್ಯದೋಷವನ್ನು ಕಳೆದು, ಅಧ್ಯಾಪಕರ ಸಹಿ ಪಡೆದರೆ ಅದರ ಕೆಲಸ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಕಾಗದದಲ್ಲಿ ಸುತ್ತಿ ತಂದ ಲೋಹದ ಸಣ್ಣ ಸೂಜಿಯೊಂದನ್ನು ನಮ್ಮ ಮೇಜಿನ ಮೇಲಿಟ್ಟು, "ಸಾರ್, ಇದರ ಹೆಸರು ಅಳಿಸಿಹೋಗಿದೆ. ನಿಮ್ಮ ಸ್ಕ್ರೂಗೇಜಿನಿಂದ ಏನಾದರೂ ಆದೀತೆ?" ಎಂದರು.

ಸೂಜಿ ಬಂದುದು 1964ರ ಮಾರಿಸ್ ಮೈನರ್ ಕಾರಿನ ಕಾರ್ಬುರೇಟರಿನಿಂದ. ಅವರ ತಂದೆಯವರು ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ ಹಿಂದಿರುಗುವಾಗ ತಂದ ಕಾರು ಅದು. ಎಂಬತ್ತು ದಾಟಿದ ಆ ಹಿರಿಯರಿಗೆ ಅದರಲ್ಲಿ ಇನ್ನೊಮ್ಮೆ ಊರು ಸುತ್ತುವ ಆಸೆ. ಕಾರಾದರೋ ಕಪ್ಪು ಹೊಗೆಯುಗುಳಿ ನಿಂತುಬಿಡುತ್ತಿತ್ತು. ಬಿಡಿಭಾಗಗಳ ವ್ಯಾಪಾರಿಯೊಬ್ಬರು "ಇದೇ ಸರಿ" ಎಂದು ಕಳುಹಿಸಿದ ಬೇರೊಂದು ಸೂಜಿಯನ್ನು ಹಾಕಿದಾಗ ಹೊಗೆ ನಿಂತಿತು, ಆದರೆ ಎಂಜಿನು ಕೆಂಡದಂತೆ ಕಾಯಿತು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದ ಮಿಶ್ರಣದಿಂದ ಹೊಗೆ ಹೊರಹೋಗುವ ಕವಾಟವೇ ಸುಟ್ಟುಹೋಗಬಹುದು. ಮೇಸ್ತ್ರಿ ಭಯಪಟ್ಟು ಕೆಲಸ ನಿಲ್ಲಿಸಿದ್ದರು.

ಈ ಕಾರ್ಬುರೇಟರಿನ ಹೆಸರು ಎಸ್.ಯು., ಎಂದರೆ 'ಸ್ಕಿನ್ನರ್ಸ್ ಯೂನಿಯನ್'. ಸ್ಕಿನ್ನರ್ ಮನೆತನದ ಉದ್ಯಮ ಪಾದರಕ್ಷೆ, ಮೊದಮೊದಲ ಎಸ್.ಯು.ಗಳಲ್ಲಿ ಪಿಸ್ಟನ್ನಿಗೆ ಬದಲಾಗಿ ಚರ್ಮದ ತಿದಿ ಇದ್ದುದು ಆಶ್ಚರ್ಯವೇನಲ್ಲ! 1910ರಲ್ಲಿ ಸ್ಥಾಪಿತವಾದ ಈ ಕಂಪನಿಯನ್ನು 1926ರಲ್ಲಿ ವಿಲಿಯಂ ಮಾರಿಸ್ ಕೊಂಡನು. ನಮ್ಮ ರಸ್ತೆಗಳಿಗೆ ಚಿರಪರಿಚಿತವಾಗಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮೂಲರೂಪವಾದ ಮಾರಿಸ್ ಆಕ್ಸ್‌ಫರ್ಡಿಗೂ ಇದೇ ಕಾರ್ಬುರೇಟರು.

ಅದರ ತತ್ತ್ವ ಸರಳವಾದುದು. ಗಾಳಿಯ ಹಾದಿಗೆ ಅಡ್ಡವಾಗಿ ಒಂದು ಪಿಸ್ಟನ್ನು ತನ್ನ ಭಾರದಿಂದಲೂ ಸ್ಪ್ರಿಂಗಿನ ಒತ್ತಡದಿಂದಲೂ ಕೆಳಗೆ ಕುಳಿತಿರುತ್ತದೆ. ಎಂಜಿನು ಹೆಚ್ಚು ಗಾಳಿಯನ್ನೆಳೆದಾಗ ಪಿಸ್ಟನ್ನಿನ ಮೇಲಣ ಕೋಣೆಯಲ್ಲಿ ಒತ್ತಡ ತಗ್ಗಿ ಅದು ಮೇಲೇರುತ್ತದೆ, ಹಾದಿ ಅಗಲವಾಗುತ್ತದೆ. ಹೀಗಾಗಿ ಗಾಳಿಯ ವೇಗವೂ ಅದು ಪೆಟ್ರೋಲನ್ನು ಸೆಳೆಯುವ ಬಲವೂ ಬಹುಮಟ್ಟಿಗೆ ಒಂದೇ ಸಮನಾಗಿರುತ್ತವೆ. ಪಿಸ್ಟನ್ನಿನ ಅಡಿಯಲ್ಲಿ ತೂಗುವ ಸೂಜಿ ಜೆಟ್ ಎಂಬ ರಂಧ್ರದೊಳಗೆ ಇಳಿದಿರುತ್ತದೆ. ಸೂಜಿ ತುದಿಯತ್ತ ಸಣ್ಣಗಾಗುತ್ತ ಹೋಗುವುದರಿಂದ, ಮೇಲೇರಿದಷ್ಟೂ ಸುತ್ತಲಿನ ಸಂದು ಹೆಚ್ಚಿ ಪೆಟ್ರೋಲೂ ಹೆಚ್ಚುತ್ತದೆ. ಆದುದರಿಂದ ಎಂಜಿನಿನ ಆಹಾರಕ್ರಮವೆಲ್ಲ ಬರೆದಿರುವುದು ಆ ಸೂಜಿಯ ಮೈಮೇಲೆಯೇ ಎನ್ನಬಹುದು.

ಓದುಗರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಈ ಜೆಟ್ಟಿನ ವ್ಯಾಸ 0.090 ಅಂಗುಲ, ಸೂಜಿಯ ಅತಿ ದಪ್ಪ ಭಾಗ ಸಾಧಾರಣವಾಗಿ 0.089 ಅಂಗುಲ. ಮಿಲಿಮೀಟರಿನಲ್ಲಿ ಹೇಳುವುದಾದರೆ 2.286 ಮತ್ತು 2.261. ಇವೆರಡರ ನಡುವಣ ಉಂಗುರಾಕಾರದ ಸಂದಿನ ವಿಸ್ತೀರ್ಣ ಸುಮಾರು 0.09 ಚದರ ಮಿಲಿಮೀಟರು. ಸೂಜಿ ಅಂಗುಲದ ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಸವೆಯಲಿ, ಸಂದು 0.18ಕ್ಕೇರುತ್ತದೆ, ಎಂದರೆ ಇಮ್ಮಡಿ! ಕಣ್ಣಿಗೆ ಕಾಣದ ಸವೆತದಿಂದ ಕಪ್ಪು ಹೊಗೆ ಬರುವ ಮರ್ಮ ಇದು.

ಇಂತಹ ಭಾಗಗಳ ಗುರುತು ಹಿಡಿಯುವವರು ಮೋಸಹೋಗುವ ಸ್ಥಳ ಒಂದಿದೆ. ಕಾರ್ಬುರೇಟರಿನ ಒಡಲಿನಲ್ಲಿ ಉಬ್ಬಾಗಿ ಎರಕಗೊಂಡ ಸಂಖ್ಯೆ ಆ ಎರಕದ್ದೇ ಹೊರತು ಕಾರ್ಬುರೇಟರಿನ ಮಾದರಿಯದಲ್ಲ. ಮಾದರಿಯ ಸಂಖ್ಯೆ ಇರುವುದು ತಿರುಪಿನಡಿ ಸಿಕ್ಕಿಸಿದ ಸಣ್ಣ ತಗಡಿನ ಬಿಲ್ಲೆಯ ಮೇಲೆ. ಅದು ಎಂದೋ ಕಳೆದುಹೋಗಿರುವುದೇ ಹೆಚ್ಚು. ನಾವು ನೋಡಿದುದರಲ್ಲಿಯೂ ಬಿಲ್ಲೆ ಇರಲಿಲ್ಲ. ಆದರೆ ಗಾಳಿಯ ಹಾದಿಯ ವ್ಯಾಸ ಒಂದೂಕಾಲು ಅಂಗುಲ. ಫ್ಲೋಟು ಬಟ್ಟಲಿನಿಂದ ಜೆಟ್ಟಿಗೆ ನೈಲಾನಿನ ಕೊಳವೆ. ಕೊಳವೆಯಿದ್ದರೆ ಎಚ್‌ಎಸ್ ತರಹದ್ದು. ಮುಂದಿನ ಅಂಕೆ, ವ್ಯಾಸ ಒಂದು ಅಂಗುಲಕ್ಕಿಂತ ಎಷ್ಟು ಎಂಟನೆಯ ಭಾಗ ಹೆಚ್ಚೆಂಬುದನ್ನು ತಿಳಿಸುತ್ತದೆ. ಆದುದರಿಂದ ಇದು ಎಚ್‌ಎಸ್ 2. ಇಲ್ಲಿಯವರೆಗೆ ಸುಲಭ.

ಸೂಜಿಯ ಹೆಸರು ಅದರ ಬುಡದಲ್ಲಿ ಒಂದೆರಡು ಅಕ್ಷರಗಳಾಗಿ ಒತ್ತಲ್ಪಟ್ಟಿರುತ್ತದೆ. ಈ ಅಕ್ಷರಗಳಿಗೂ ದಪ್ಪಕ್ಕೂ ಯಾವ ಕ್ರಮಬದ್ಧ ಸಂಬಂಧವೂ ಇಲ್ಲ: 850ರ ಮಿನಿ ಕಾರಿಗೆ 'ಇಬಿ' ಸರಿಯಾದರೆ, ಹೆಚ್ಚು ಪೆಟ್ರೋಲಿಗೆ 'ಎಮ್', ಕಡಿಮೆಗೆ 'ಜಿಜಿ'. ಸೂಜಿಯನ್ನು ಹಿಡಿದಿಡುವ ತಿರುಪು ಕಚ್ಚಿ ಕಚ್ಚಿ ನಮ್ಮ ಸೂಜಿಯ ಅಕ್ಷರಗಳು ಹಾಳಾಗಿದ್ದುವು. ಉಳಿದುದು ಅಳತೆಯೊಂದೇ. ಪ್ರತಿ ಸೂಜಿಗೂ ಎಂಟನೆಯ ಒಂದು ಅಂಗುಲಕ್ಕೊಮ್ಮೆ ಇರಬೇಕಾದ ವ್ಯಾಸಗಳ ಕೋಷ್ಟಕ ಅಚ್ಚಾಗಿದೆ.

ಅಳೆಯುವಾಗ ಒಂದು ಎಚ್ಚರ ಬೇಕು. ಸ್ಕ್ರೂಗೇಜಿನ ಮುಖಗಳು ಅಗಲವಾದುವು; ಇಳಿಜಾರಾದ ಸೂಜಿಯಲ್ಲಿ ಅವು ತಾಗುವುದು ತಮ್ಮ ನಡುವಣ ಅತಿ ದಪ್ಪ ಸ್ಥಳವನ್ನು. ಆದುದರಿಂದ ಮುಖಗಳ ಅಂಚನ್ನು ಗುರುತಿಗೆ ಸರಿಯಾಗಿಟ್ಟು, ಉಳಿದ ಭಾಗ ಸೂಜಿಯ ತುದಿಯ ಕಡೆಗೆ ಬರುವಂತೆ ಹಿಡಿಯಬೇಕು. ಮೊದಲ ದಿನ ನಾವೇ ಇದನ್ನು ಮರೆತು ಎರಡು ಗಂಟೆಗಳನ್ನು ವ್ಯರ್ಥಮಾಡಿದೆವು.

ಮರುದಿನದ ಅಳತೆಗಳು ಕೋಷ್ಟಕದ ಯಾವ ಸೂಜಿಗೂ ಹೊಂದಲಿಲ್ಲ. ಆಗ ಸೂಜಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದೆವು. ಬುಡದ ಸಮೀಪದಲ್ಲಿ 0.03 ಮಿಲಿಮೀಟರು ಹೆಚ್ಚು ಬಂದಿತು! ಸೂಜಿ ದುಂಡಾಗಿರಲಿಲ್ಲ, ಜೆಟ್ಟಿನ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಉಜ್ಜಿ ಉಜ್ಜಿ ಸವೆದಿತ್ತು. ಸವೆಯದ ದಿಕ್ಕಿನ ಅಳತೆಗಳನ್ನೇ ಸಾಲಾಗಿ ಬರೆದಾಗ ಅವು 'ಎಎನ್' ಸೂಜಿಯವಾಗಿದ್ದುವು. 1098 ಘನ ಸೆಂಟಿಮೀಟರಿನ ಮೈನರ್ ಎಂಜಿನಿಗೆ ಗೊತ್ತುಮಾಡಿದ್ದೂ ಅದನ್ನೇ. ಸೂಜಿಯನ್ನು ಉಜ್ಜಿದ ಜೆಟ್ಟೂ ಅಂಡಾಕಾರವಾಗಿರಲೇಬೇಕಷ್ಟೆ. ಮೇಸ್ತ್ರಿ ಭೂತಗನ್ನಡಿಯಲ್ಲಿ ನೋಡಿ ಹೌದೆಂದರು. ಎರಡನ್ನೂ ಹೊಸದಾಗಿ ತರಿಸಿ, ಸೂಜಿ ತಾಗದಂತೆ ಜೆಟ್ಟನ್ನು ನಡುವಿಗೆ ಕೂಡಿಸಿದ ಮೇಲೆ ಕಪ್ಪು ಹೊಗೆಯೂ ಇಲ್ಲ, ಅತಿಯಾದ ಕಾವೂ ಇಲ್ಲ.

ಪಿಸ್ಟನ್ನಿನ ಸ್ಪ್ರಿಂಗೊಂದು ಉಳಿದಿತ್ತು. ಇವುಗಳ ತುದಿಗೆ ಬಣ್ಣದ ಗುರುತಿರುತ್ತದೆ: ನೀಲಿ ಎರಡೂವರೆ ಔನ್ಸು, ಕೆಂಪು ನಾಲ್ಕೂವರೆ, ಹಳದಿ ಎಂಟು, ಹಸಿರು ಹನ್ನೆರಡು. ಬಣ್ಣ ಪೂರ್ತಿ ಹೋಗಿದ್ದುದರಿಂದ, ಸ್ಪ್ರಿಂಗನ್ನು ನಿಗದಿಯಾದ ಉದ್ದಕ್ಕೆ ಕುಗ್ಗಿಸಲು ಬೇಕಾಗುವ ತೂಕವನ್ನು ಪ್ರಯೋಗಶಾಲೆಯ ಬೊಟ್ಟುಗಳಿಂದಲೇ ಕಂಡುಕೊಂಡೆವು. 128 ಗ್ರಾಮಿನ ಹತ್ತಿರ ಬಂದಿತು. ಅದು ಕೆಂಪು. ತುದಿಯ ಸುತ್ತಿಗೆ ಮತ್ತೆ ಕೆಂಪು ಬಳಿಯುವ ಕೆಲಸವನ್ನು ಮಾತ್ರ ಆ ಹಿರಿಯರು ನಮಗೆ ಬಿಡಲಿಲ್ಲ. ಕುಂಚವನ್ನು ಕೇಳಿ ಪಡೆದು ತಾವೇ ಮಾಡಿದರು.