ಕಡಲ ಪಕ್ಕದ ಪುಟ್ಟ ಕಾಲೇಜು

ಕಾಡು, ಕಡಲು ಅಂದ್ರೆ ನಿಮಗೆ ಪ್ರಾಣಾನಾ? ಅಮೆರಿಕದಲ್ಲಿ ಡಿಗ್ರಿ ಓದೋ ಆಸೆ ಇದ್ರೆ, ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರೋ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಬಗ್ಗೆ ತಿಳ್ಕೊಳ್ಳಿ. ಸ್ಥಾಪನೆ 1969.

ಇಲ್ಲಿ ಪದವಿಗೆ ವಿಷಯ ಒಂದೇ: ಹ್ಯೂಮನ್ ಇಕಾಲಜಿ. ಮನುಷ್ಯನಿಗೂ ಪರಿಸರಕ್ಕೂ ಇರೋ ನಂಟು. ಅದರೊಳಗೆ ಏನೇನು ಓದ್ಬೇಕು ಅಂತ ಜೋಡಿಸ್ಕೊಳ್ಳೋದು ವಿದ್ಯಾರ್ಥಿನೇ.

ಹತ್ತಿರದಲ್ಲೇ ಅಕೇಡಿಯಾ ರಾಷ್ಟ್ರೀಯ ಉದ್ಯಾನ. ಕಾಲೇಜಿನ ಸಂಶೋಧನಾ ಕೇಂದ್ರಗಳು ದ್ವೀಪಗಳ ಮೇಲಿವೆ. ನನಗೆ ತುಂಬಾ ಇಷ್ಟವಾದದ್ದು ಇಲ್ಲಿನ ಅಲೈಡ್ ವೇಲ್ ತಂಡದ ಕೆಲಸ. ಬಾಲದ ಅಡಿಭಾಗದ ಕಪ್ಪು-ಬಿಳಿ ಗುರುತು ನೋಡಿ, ಒಂದೊಂದು ಹಂಪ್‌ಬ್ಯಾಕ್ ತಿಮಿಂಗಿಲವನ್ನೂ ಬೇರೆ ಬೇರೆಯಾಗಿ ಗುರುತಿಸ್ತಾರೆ!

ಎಂಜಿನಿಯರಿಂಗೇ ಬೇಕು ಅನ್ನೋರಿಗೆ ಇದು ಸರಿಹೋಗಲ್ಲ. ಚಳಿಗಾಲವೂ ಕಠಿಣ. ಅರ್ಜಿ ಹಾಕೋ ಮೊದಲು ಅಲ್ಲಿ ಓದ್ತಿರೋರನ್ನೇ ಕೇಳಿ: ಎಷ್ಟು ಪಾಠ ಹೊರಗಡೆ ನಡೆಯುತ್ತೆ? ಫೆಬ್ರವರಿಯಲ್ಲೂ ನಡೆಯುತ್ತಾ?