ಕೂಲೆಂಟ್ ಕೆಟ್ಟಾಗ, ಎಂಜಿನ್ ಬಿಚ್ಚುವ ಮೊದಲು

ಕಾರಿನ ಎಂಜಿನ್ನಿನೊಳಗೆ ಸುತ್ತುವ ಕೂಲೆಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಎಂಜಿನ್ನಿನ ಶಾಖವನ್ನು ಹೀರಿ ರೇಡಿಯೇಟರಿಗೆ ತಂದು ಗಾಳಿಗೆ ಬಿಡುವುದು ಅದರ ಕೆಲಸ. ಗ್ಲೈಕಾಲ್ ಮತ್ತು ನೀರು ಸಮಪಾಲಾಗಿದ್ದರೆ ತೆರೆದ ಪಾತ್ರೆಯಲ್ಲಿ ಅದು ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಸುಮಾರು 1 ಬಾರ್ ಒತ್ತಡದಲ್ಲಿ ಕುದಿಯುವ ಬಿಂದು ಇನ್ನೂ 20 ಡಿಗ್ರಿಯಷ್ಟು ಮೇಲೇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದವರ ಮುಖಕ್ಕೆ ಕುದಿನೀರು ಚಿಮ್ಮುವುದು ಈ ಒತ್ತಡ ಒಮ್ಮೆಲೇ ಇಳಿಯುವುದರಿಂದ.

ಕರಾವಳಿಯಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ಬರೇ ನೀರು ಸಾಕು ಎನ್ನುವವರು ಈಗಲೂ ಇದ್ದಾರೆ. ದಕ್ಷಿಣ ಕನ್ನಡದ ಸವಣೂರಿನ ಕಾರುಗಳು ಓಡುವ ದಾರಿಗೆ ಈ ಮಾತು ಹೊಂದುವುದಿಲ್ಲ. ಪುತ್ತೂರಿಗೋ ಕಾಣಿಯೂರಿಗೋ ಹೋಗಿಬರುವ ಮಟ್ಟಿಗೆ ಎಂಜಿನ್ ಹೇಗೋ ತಡೆದುಕೊಳ್ಳಬಹುದು. ಬೆಂಗಳೂರಿಗೆ ಶಿರಾಡಿ ಘಾಟಿ, ಮಡಿಕೇರಿ-ಮೈಸೂರಿಗೆ ಸಂಪಾಜೆ ಘಾಟಿ ಹತ್ತಲೇಬೇಕು. ಲಾರಿಗಳ ಹಿಂದೆ ಮೊದಲ, ಎರಡನೇ ಗೇರಿನಲ್ಲಿ ತೆವಳುವಾಗ ಎದುರುಗಾಳಿ ಸಿಗದೆ ರೇಡಿಯೇಟರ್ ಫ್ಯಾನ್ ಒಂದನ್ನೇ ನಂಬಿರುತ್ತದೆ. ತಗ್ಗಿನಲ್ಲಿ ಅಡಗಿದ್ದ ದೋಷ ಹೊರಬೀಳುವುದು ಹೆಚ್ಚಾಗಿ ಇಲ್ಲಿಯೇ.

ಕೂಲೆಂಟ್ ಕೆಡುವುದಕ್ಕೆ ಹಲವು ದಾರಿಗಳಿವೆ. ಮೊದಲನೆಯದು ವಯಸ್ಸು. ವರ್ಷಗಳ ಬಿಸಿಯಲ್ಲಿ ಗ್ಲೈಕಾಲ್ ಸ್ವಲ್ಪಸ್ವಲ್ಪವಾಗಿ ಆಮ್ಲವಾಗುತ್ತದೆ, ತುಕ್ಕು ತಡೆಯುವ ರಾಸಾಯನಿಕಗಳೂ ಮುಗಿಯುತ್ತವೆ. ಹಳೆಯ ಬಗೆಯ ಕೂಲೆಂಟ್ ಎರಡು ವರ್ಷ, ಸಾವಯವ ಆಮ್ಲ ಆಧಾರಿತ ಹೊಸ ಬಗೆಯದು ಐದು ವರ್ಷದ ಆಸುಪಾಸು ಬಾಳುತ್ತದೆ. ಎರಡನೆಯದು ಬಾವಿ ನೀರು. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೆದುವಾಗಿದ್ದರೂ ತುಸು ಆಮ್ಲೀಯ, ಕೆಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಕುಡಿಯಲು ಸೊಗಸಾದ ನೀರು ಎಂಜಿನ್ನಿನ ಅಲ್ಯೂಮಿನಿಯಮ್ಮಿಗೂ ಒಳ್ಳೆಯದಾಗಿರಬೇಕೆಂದಿಲ್ಲ. ಮೂರನೆಯದು ಹೊಂದಿಕೆಯಿಲ್ಲದ ಎರಡು ಕೂಲೆಂಟ್‌ಗಳ ಬೆರಕೆ. ಅವು ಲೋಳೆಗಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಸಬಹುದು. ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ನಿಯಮವಿಲ್ಲ, ಆದ್ದರಿಂದ ಬಣ್ಣ ನೋಡಿ ಬೆರೆಸಬಾರದು. ಕಾರಿನ ಕೈಪಿಡಿ ಹೇಳಿದ ಬಗೆಯನ್ನೇ ಹಾಕಬೇಕು. ದಾರಿ ಮಧ್ಯೆ ಸೋರಿಕೆ ನಿಲ್ಲಿಸಲು ಅರಸಿನ ಪುಡಿ ಸುರಿಯುವುದು ಹಳೆಯ ಡ್ರೈವರುಗಳ ಉಪಾಯ. ಅದು ಊರು ಮುಟ್ಟಿಸಬಹುದು, ಆದರೆ ಪುಡಿ ಒಳಗೇ ಉಳಿದು ಹೂಳಾಗುತ್ತದೆ.

ಮಾಲೀಕರನ್ನು ನಿಜವಾಗಿ ಹೆದರಿಸುವುದು ನಾಲ್ಕನೆಯದು, ಎಣ್ಣೆ. ಕೂಲೆಂಟ್ ಡಬ್ಬಿಯಲ್ಲಿ ಕಾಫಿ ಬಣ್ಣದ ಕೆನೆ ಕಂಡೊಡನೆ 'ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು' ಎಂಬ ಮಾತು ಬರುತ್ತದೆ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ ಹೆಡ್, ಅದರಡಿಯ ಸೀಲು ಗ್ಯಾಸ್ಕೆಟ್), ಅದರ ಬೆನ್ನಿಗೆ ದೊಡ್ಡ ಮೊತ್ತದ ಎಸ್ಟಿಮೇಟ್. ಇದು ನಿಜವಿರಬಹುದು. ಆದರೆ ಕೆನೆಯೊಂದೇ ಅದಕ್ಕೆ ಸಾಕ್ಷಿಯಲ್ಲ. ಬಹಳಷ್ಟು ಡೀಸೆಲ್ ಎಂಜಿನ್ನುಗಳಲ್ಲಿ, ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿಯೂ, ಆಯಿಲ್ ಫಿಲ್ಟರಿನ ಹತ್ತಿರ ಆಯಿಲ್ ಕೂಲರ್ ಎಂಬ ಸಣ್ಣ ಭಾಗವಿರುತ್ತದೆ. ಅದರೊಳಗೆ ತೆಳು ಲೋಹದ ಗೋಡೆಯ ಒಂದು ಪಕ್ಕ ಎಣ್ಣೆ, ಇನ್ನೊಂದು ಪಕ್ಕ ಕೂಲೆಂಟ್ ಹರಿಯುತ್ತವೆ. ಆ ಗೋಡೆಯೋ ಸೀಲೋ ತೂತಾದರೆ, ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಕೂಲೆಂಟ್‌ಗಿಂತ ಹೆಚ್ಚಾಗಿರುವ ಕಾರಣ ಎಣ್ಣೆ ಕೂಲೆಂಟಿಗೆ ನುಗ್ಗುತ್ತದೆ. ಹೆಡ್ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೂ ಕೂಲೆಂಟ್ ಹೀಗೆ ಕೆನೆಗಟ್ಟುತ್ತದೆ. ಆಟೊಮ್ಯಾಟಿಕ್ ಗೇರಿನ ಕೆಲವು ಕಾರುಗಳಲ್ಲಿ ರೇಡಿಯೇಟರಿನೊಳಗೇ ಗೇರ್ ಎಣ್ಣೆ ತಣಿಸುವ ಕೊಳವೆಯಿದ್ದು, ಅದು ಒಡೆದರೂ ಇದೇ ನೋಟ. ಈ ಮೂರು ರಿಪೇರಿಗಳ ಖರ್ಚಿಗೆ ಅಜಗಜಾಂತರ.

ಹಾಗಾಗಿ ಪರೀಕ್ಷೆ ಅಗ್ಗದ್ದರಿಂದ ಶುರುವಾಗಬೇಕು. ಎಂಜಿನ್ ಪೂರ್ತಿ ತಣಿದ ಮೇಲೆ ಸ್ವಲ್ಪ ಕೂಲೆಂಟನ್ನು ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಅಲುಗಿಸದೆ ಇಟ್ಟರೆ ಎಣ್ಣೆ ಮೇಲೆ ತೇಲುತ್ತದೆ, ತುಕ್ಕು ತಳಕ್ಕಿಳಿಯುತ್ತದೆ. ತುಕ್ಕು ಮಾತ್ರವೆಂದಾದರೆ ಹೆಚ್ಚಾಗಿ ಫ್ಲಶ್ ಮಾಡಿ ಹೊಸ ಕೂಲೆಂಟ್ ತುಂಬಿದರೆ ಮುಗಿಯಿತು. ಬಾಟಲಿಗೆ ಗುರುತಿನ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮುಂದಿನದು ಡಿಪ್‌ಸ್ಟಿಕ್. ಅಲ್ಲಿನ ಎಣ್ಣೆಯೂ ಹಾಲು ಬೆರೆತಂತಿದ್ದರೆ ಕೂಲೆಂಟ್ ಎಣ್ಣೆಗೆ ಇಳಿದಿದೆ ಎಂದರ್ಥ. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದರೆ ಬೇರಿಂಗುಗಳು ಸವೆದುಹೋಗುತ್ತವೆ, ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಪೇಟೆಗೆ ಮಾತ್ರ ಹೋಗಿಬರುವ ಕಾರಿನ ಆಯಿಲ್ ಮುಚ್ಚಳದಡಿ ತೆಳುವಾದ ಹಳದಿ ಕೆನೆ ಕಾಣುವುದುಂಟು. ಎಂಜಿನ್ ಸಾಕಷ್ಟು ಬಿಸಿಯಾಗದೆ ಒಳಗಿನ ಹಬೆ ನೀರಾಗಿ ನಿಂತದ್ದು ಅದು. ಡಿಪ್‌ಸ್ಟಿಕ್ಕಿನ ಎಣ್ಣೆ ಸ್ವಚ್ಛವಾಗಿದ್ದು ಕೂಲೆಂಟ್ ಮಟ್ಟ ಇಳಿಯದಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದ ಪರೀಕ್ಷೆಗಳು ಇನ್ನೆರಡು. ಕೈಪಂಪಿನಿಂದ ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು ಪ್ರೆಷರ್ ಟೆಸ್ಟ್. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವುದು ಇನ್ನೊಂದು: ಸಿಲಿಂಡರಿನ ಹೊಗೆ ಸೇರಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್‌ಗೆ ದ್ರವದ ಬಣ್ಣ ಹಳದಿಗೆ ತಿರುಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದೊಡನೆ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುವುದು, ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು ಕೂಡ ಹೆಡ್ ಗ್ಯಾಸ್ಕೆಟ್ಟಿನ ಕಡೆಗೇ ಬೊಟ್ಟು ಮಾಡುತ್ತವೆ. ಈ ಲಕ್ಷಣಗಳಿಲ್ಲದೆ ಎಣ್ಣೆ ಮಾತ್ರ ಕಂಡರೆ ಮೊದಲು ಬಿಚ್ಚಿ ನೋಡಬೇಕಾದದ್ದು ಆಯಿಲ್ ಕೂಲರ್. ಇಷ್ಟನ್ನೂ ಮಾಡದೆ ಹೆಡ್ ಇಳಿಸುವ ಎಸ್ಟಿಮೇಟಿಗೆ ಒಪ್ಪಿಗೆ ಕೊಡುವುದು ಸರಿಯಲ್ಲ.

ಹೆಡ್ ಇಳಿಸಲೇಬೇಕಾದಾಗ ಖರ್ಚು ಎಲ್ಲಿ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಒಟ್ಟು ಮೊತ್ತದಲ್ಲಿ ಗ್ಯಾಸ್ಕೆಟ್ಟಿನ ಬೆಲೆ ಸಣ್ಣ ಪಾಲು. ಬಿಚ್ಚಿ ಜೋಡಿಸುವ ಕೂಲಿ, ಬಾಗಿದ ಹೆಡ್ಡನ್ನು ಲೇತ್ ಅಂಗಡಿಯಲ್ಲಿ ಸಮಗೊಳಿಸುವುದು, ಮರುಬಳಕೆಗೆ ಬಾರದ ಹೆಡ್ ಬೋಲ್ಟ್‌ಗಳು, ಹೊಸ ಎಣ್ಣೆ, ಫಿಲ್ಟರ್, ಕೂಲೆಂಟ್ ಸೇರಿ ಮೊತ್ತ ಬೆಳೆಯುತ್ತದೆ. ಎಣ್ಣೆ ತಾಗಿದ ರಬ್ಬರ್ ಹೋಸ್‌ಗಳು ಊದಿ ಮೆತ್ತಗಾಗುವ ಕಾರಣ ಅವುಗಳ ಬದಲಾವಣೆ ಪಟ್ಟಿಯಲ್ಲಿದ್ದರೆ ಅದು ನ್ಯಾಯವೇ. ಹೆಡ್ ನಿಜವಾಗಿ ಬಾಗಿದೆಯೇ ಎಂಬುದನ್ನು ಲೇತಿಗೆ ಕಳಿಸುವ ಮೊದಲೇ ಸ್ಟ್ರೈಟ್ ಎಡ್ಜ್ ಇಟ್ಟು ಮಾಲೀಕರ ಎದುರಿಗೇ ಅಳೆದು ತೋರಿಸಬಹುದು.

ಎಸ್ಟಿಮೇಟ್ ಬರವಣಿಗೆಯಲ್ಲಿರಬೇಕು, ಬಿಡಿಭಾಗ, ಲೇಬರ್, ಲೇತ್ ಕೆಲಸ, ತೆರಿಗೆ ಬೇರೆಬೇರೆಯಾಗಿ ಕಾಣಬೇಕು. ವಾಹನದ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18, ರಿಪೇರಿ ಸೇವೆಗೂ ಶೇ 18. ಉದಾಹರಣೆಗೆ 20,000 ರೂಪಾಯಿಯ ಭಾಗ, 10,000 ರೂಪಾಯಿಯ ಲೇಬರ್ ಎಂದಾದರೆ ತೆರಿಗೆ 5,400 ಸೇರಿ 35,400 ರೂಪಾಯಿ. ಪ್ಯಾಕಿನ ಮೇಲೆ ಅಚ್ಚಾದ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ ಅದರ ಮೇಲೆ ಮತ್ತೆ ತೆರಿಗೆ ಏರಿಸಿದ್ದರೆ ಕೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದನ್ನು, ಹೆಚ್ಚುವರಿ ಕೆಲಸಕ್ಕೆ ಮೊದಲು ಫೋನ್ ಮಾಡಬೇಕೆನ್ನುವುದನ್ನು ಆರಂಭದಲ್ಲೇ ಹೇಳಿಟ್ಟರೆ ಜಗಳ ತಪ್ಪುತ್ತದೆ.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಬಿಟ್ಟು ಪುತ್ತೂರಿನಂಥ ಊರಿನ ಪಳಗಿದ ಮೆಕ್ಯಾನಿಕ್ಕಿನ ಬಳಿ ಎರಡನೇ ಅಭಿಪ್ರಾಯ ಕೇಳಿದರೆ ತಪ್ಪೇನೂ ಇಲ್ಲ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು; ಕಂಪನಿಗಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ಹೊರಗಿನ ಮೆಕ್ಯಾನಿಕ್ಕಿನ ಆಯ್ಕೆ ಗ್ರಾಹಕನಿಗೆ ಎಷ್ಟು ಮುಖ್ಯವೆಂಬುದನ್ನು ಆ ಆದೇಶ ಬಯಲಿಗೆ ತಂದಿತು. ವಾರಂಟಿ ಇರುವ ಕಾರನ್ನು ಮಾತ್ರ ಹೊರಗೆ ಬಿಚ್ಚಿಸುವ ಮೊದಲು ವಾರಂಟಿ ಷರತ್ತು ಓದಿಕೊಳ್ಳಬೇಕು. ಸವೆತದಿಂದ ಗ್ಯಾಸ್ಕೆಟ್ ಹೋದರೆ ಸಾಮಾನ್ಯ ವಾಹನ ವಿಮೆ ಹಣ ಕೊಡುವುದಿಲ್ಲ.

ಹಳೆಯ ಕಾರಿಗೆ ರಿಪೇರಿಗಿಂತ ಬಳಸಿದ ಎಂಜಿನ್ ಕೂರಿಸುವುದೇ ಅಗ್ಗವೆಂಬ ಸಲಹೆಯೂ ಬರಬಹುದು. ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಹೊಸ ನಂಬರ್ ದಾಖಲಾಗಬೇಕು. ಕೆಎ-21 ನೋಂದಣಿಯ ಗಾಡಿಗಳಿಗೆ ಅದು ಪುತ್ತೂರಿನ ಸಾರಿಗೆ ಕಚೇರಿಯ ಕೆಲಸ. ದಾಖಲೆಯಿಲ್ಲದ ಎಂಜಿನ್ ಮಾರುವಾಗಲೂ ವಿಮೆಯಲ್ಲೂ ತೊಡಕಾಗುತ್ತದೆ.

ಮಾಡದ ಕೆಲಸಕ್ಕೆ ಹಣ ಪಡೆದರೆ, ಬಿಲ್ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗಿದೆ. ಬಿಲ್ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ. ಮೊದಲು 1915 ಸಹಾಯವಾಣಿ, ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ. ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಎಸ್ಟಿಮೇಟ್, ಬಿಲ್, ಟೆಸ್ಟಿನ ಫೋಟೊ ಇದ್ದರೆ ದೂರಿಗೆ ಬಲ.

ರಿಪೇರಿಯಾದ ಮೇಲೆ ಎಣ್ಣೆ ಪೂರ್ತಿ ಹೋಗುವ ತನಕ ಕ್ಲೀನರ್ ಹಾಕಿ ಫ್ಲಶ್ ಮಾಡಿಸಬೇಕು, ಒಂದು ಸಲಕ್ಕೆ ಅದು ಹೋಗುವುದು ಕಡಿಮೆ. ಕಾನ್ಸಂಟ್ರೇಟ್ ತಂದಿದ್ದರೆ ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಬೇಕು, ರೆಡಿ ಮಿಕ್ಸ್‌ಗೆ ನೀರು ಸೇರಿಸಬಾರದು. ಹೊರತೆಗೆದ ಹಳೆಯ ಕೂಲೆಂಟ್ ಸಿಹಿ ವಿಷ. ನಾಯಿಗಳು ರುಚಿಗೆ ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ದನಕರುಗಳಿಗೂ ಅಪಾಯ. ಅಂಗಳಕ್ಕೋ ಅಡಿಕೆ ತೋಟದ ಕಣಿಗೋ ಸುರಿದದ್ದು ಮಳೆಯಲ್ಲಿ ತೋಡು ಸೇರಿ ಕುಮಾರಧಾರಾ ನದಿಯ ಕಡೆಗೆ ಹರಿಯುತ್ತದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ತ್ಯಾಜ್ಯ ಎಣ್ಣೆ ಸಂಗ್ರಹಿಸುವ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ ಒಪ್ಪಿಸಬೇಕು, ತ್ಯಾಜ್ಯ ಎಣ್ಣೆಯ ಜೊತೆ ಬೆರೆಸದೆ.