ತಲೆಕೆಳಗಾದ ರಾಣಿ

ಅಗಲವಾದ ಸ್ಟೀಲ್ ತಟ್ಟೆಯ ತಿಳಿನೀರಿನಲ್ಲಿ ಆರನೇ ಜಾರ್ಜ್ ದೊರೆ ತೇಲುತ್ತಿದ್ದಾನೆ. ಒಬ್ಬನಲ್ಲ, ಹತ್ತಿಪ್ಪತ್ತು ಮಂದಿ. ಹಸಿರು, ಕಂದು, ನೇರಳೆ. ಅಂಟು ತಾನಾಗಿ ಬಿಡುವ ತನಕ ಕಾಯಬೇಕು, ಅವಸರ ಮಾಡಿದರೆ ದೊರೆಯ ಕಿವಿ ಲಕೋಟೆಯ ಚೂರಿನಲ್ಲೇ ಉಳಿದುಬಿಡುತ್ತದೆ. ಬಸವನಗುಡಿಯ ಹಳೆಯ ಮನೆಯ ಪಡಸಾಲೆಯಲ್ಲಿ ನೆನೆದ ಕಾಗದದ ವಾಸನೆ, ಒಳಗಿನಿಂದ ಬರುವ ಇಂಗಿನ ಒಗ್ಗರಣೆಯೊಡನೆ ಬೆರೆತಿದೆ.

“ಕೈಯಲ್ಲಿ ಮುಟ್ಟಬೇಡಿ, ಬೆರಳಿನ ಬೆವರು ಸಾಕು ಕೆಡಿಸೋದಕ್ಕೆ” ಎನ್ನುತ್ತಾ ಯಜಮಾನರು ಚಿಮುಟದಿಂದ ಒಂದೊಂದೇ ಅಂಚೆಚೀಟಿಯನ್ನೆತ್ತಿ ಹೀರುಕಾಗದದ ಮೇಲೆ ಬೋರಲು ಮಲಗಿಸುತ್ತಾರೆ. ಆಮೇಲೆ ಕಪ್ಪು ಬಟ್ಟಲೊಂದನ್ನು ಹತ್ತಿರಕ್ಕೆಳೆದು, ವಿಕ್ಟೋರಿಯಾ ರಾಣಿಯ ಚೀಟಿಯನ್ನು ಮಗುಚಿಟ್ಟು, ಎರಡು ಹನಿ ಬೆಂಜೀನ್ ಬಿಡುತ್ತಾರೆ. ಮೂಗಿಗೆ ಘಾಟು ಹೊಡೆಯುತ್ತಿದ್ದಂತೆ ಕಾಗದದ ಒಡಲಿನಿಂದ ಪುಟ್ಟ ಆನೆಯ ತಲೆ ಮೂಡುತ್ತದೆ. ಅದು 1865ರಲ್ಲಿ ಬಂದ ಕಾಗದದ ಗುರುತು. ಹನಿ ಆರುತ್ತಲೇ ಆನೆಯೂ ಮಾಯ.

ಆಲ್ಬಮ್ಮಿನ ಹಾಳೆ ಹಿಂದಕ್ಕೆ ತಿರುವಿದಂತೆ ಅಂಚಿನ ಹಲ್ಲುಗಳು ಇಲ್ಲವಾಗುತ್ತವೆ. ಕತ್ತರಿಯಿಂದ ಕತ್ತರಿಸಿದ ನೀಲಿ ಅರ್ಧಾಣೆ ಸಿಗುತ್ತದೆ. 1854ರ ಅಕ್ಟೋಬರಿನಿಂದ ಕಾಲು ತೊಲ ತೂಕದೊಳಗಿನ ಕಾಗದವನ್ನು ದೇಶದ ಯಾವ ಮೂಲೆಗಾದರೂ ಮುಟ್ಟಿಸುತ್ತಿದ್ದ ಚೀಟಿ ಇದು. ಅಚ್ಚಾದದ್ದು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ, ನಕ್ಷೆ ಮುದ್ರಿಸುತ್ತಿದ್ದ ಕಲ್ಲಚ್ಚಿನಲ್ಲಿ. ಅಲ್ಲಿಯೇ ಹುಟ್ಟಿದ ನಾಲ್ಕಾಣೆಗೆ ಎರಡು ಬಣ್ಣ, ಹಾಗಾಗಿ ಎರಡು ಸಲ ಅಚ್ಚು: ಕೆಂಪು ಚೌಕಟ್ಟು, ನೀಲಿ ತಲೆ. ಯಾವನೋ ಕೆಲಸಗಾರ ಹಾಳೆಯನ್ನು ತಿರುವುಮುರುವು ಇಟ್ಟ. ರಾಣಿ ಶೀರ್ಷಾಸನ ಹಾಕಿದಳು. ಅದನ್ನು ಗಮನಿಸದೆ ಎಂಟು ಮೂಲೆಗೆ ಕತ್ತರಿಸಿ ಕಾಗದಕ್ಕಂಟಿಸಿದವರೂ ಇದ್ದರು. ಇಂದು ಉಳಿದಿರುವುದು ಮೂವತ್ತರ ಆಸುಪಾಸು. ನಮ್ಮ ಯಜಮಾನರ ಹತ್ತಿರ ಇರುವುದು ಪತ್ರಿಕೆಯಿಂದ ಕತ್ತರಿಸಿದ ಅದರ ಚಿತ್ರ ಮಾತ್ರ.

ಭಾರತದ ನೆಲ ಮೆಟ್ಟದ ಈ ರಾಣಿಗೆ ಇಲ್ಲಿನ ಚೀಟಿಗಳಲ್ಲಿ ಬಹುಕಾಲ ವಯಸ್ಸೇ ಆಗಲಿಲ್ಲ. 1895ರಲ್ಲಿ ಎರಡು, ಮೂರು, ಐದು ರೂಪಾಯಿಯ ಚೀಟಿಗಳು ಬಂದಾಗ ಮಾತ್ರ ಕೆನ್ನೆ ಜೋತ ಮುದುಕಿ ಕಾಣಿಸಿದಳು. ಆದರೆ ಯಜಮಾನರ ಭೂತಗನ್ನಡಿ ಮುಖದ ಮೇಲೆ ನಿಲ್ಲುವುದಿಲ್ಲ. ಅದರ ಮೇಲೆ ಬಿದ್ದ ಠಸ್ಸೆಯ ಮಸಿಯನ್ನು ಅರಸುತ್ತದೆ. “ಇಲ್ನೋಡಿ, ಬಳ್ಳಾರಿ!” ರಾಣಿಯ ಮೂಗಿನ ಮೇಲೆ ಅರೆಬರೆ ಅಕ್ಷರ. ಅಂಥ ಠಸ್ಸೆ ಬಿದ್ದ ಲಕೋಟೆಯನ್ನು ಅವರು ನೀರಿಗೆ ಹಾಕುವುದಿಲ್ಲ, ಇಡಿಯಾಗಿಯೇ ಇಡುತ್ತಾರೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿರುವುದು ದೊರೆಗಳ ಹೆಸರಲ್ಲ, ಊರಿನದು.

ಅಷ್ಟರಲ್ಲಿ ತಟ್ಟೆಯ ನೀರು ತುಸು ನೀಲಿಗಟ್ಟಿದೆ. ಯಾವುದೋ ಚೂರಿನಲ್ಲುಳಿದಿದ್ದ ವಿಳಾಸದ ಶಾಯಿ ಬಿಡುತ್ತಿದೆ. ಯಜಮಾನರು ಜಾರ್ಜನನ್ನು ಅತ್ತ ಸರಿಸಿ, ಆ ಚೂರನ್ನು ಮೊದಲು ಎತ್ತಿಕೊಂಡರು.